ಆಟದ ತಾಸಿನಲ್ಲಿ ಒಂದು ಹೆಬ್ಬೆರಳು

ನನ್ನ ಬಲಗಾಲಿನ ಹೆಬ್ಬೆರಳು ಸುಮ್ಮನೆ ಕೂರುವ ಪೈಕಿಯಲ್ಲ. ನಾನು ಮೇಲೆ ಪೇಪರು ಓದುತ್ತಿದ್ದರೆ ಅದು ಕೆಳಗೆ ತನ್ನ ಪಾಡಿಗೆ ಏನನ್ನಾದರೂ ಹುಡುಕುತ್ತಿರುತ್ತದೆ. ಕಿಟಕಿ ಪರದೆಯ ಅಂಚು, ಪ್ಲಾಸ್ಟಿಕ್ ಚೀಲದ ಕಿವಿ, ಹೆಂಡತಿಯ ಸೆರಗು, ಯಾವುದು ಸಿಕ್ಕರೂ ಕೊಕ್ಕೆ ಹಾಕಿ ಎಳೆದು ಬಿಗಿಯಾಗಿ ಹಿಡಿದುಬಿಡುತ್ತದೆ. ನನಗೆ ಸುದ್ದಿಯೇ ಇರುವುದಿಲ್ಲ.

ಈಚೆಗೆ ಕುಮಟೆಯಲ್ಲೊಂದು ಮದುವೆಗೆ ಹೋಗಿದ್ದೆವು. ಈಗಿನ ಕಲ್ಯಾಣ ಮಂಟಪಗಳಲ್ಲಿ ಕುರ್ಚಿಗೂ ಬಿಳಿ ಅಂಗಿ ತೊಡಿಸಿ ಬೆನ್ನಿಗೆ ಉದ್ದನೆಯ ರಿಬ್ಬನ್ ಕಟ್ಟುತ್ತಾರಲ್ಲ, ಮುಂದಿನ ಸಾಲಿನ ಕುರ್ಚಿಯ ರಿಬ್ಬನ್ನು ನನ್ನ ಬೆರಳಿಗೆ ಸಿಕ್ಕಿಬಿಟ್ಟಿತ್ತು. ಅದರಲ್ಲಿ ಕೂತಿದ್ದ ಹಿರಿಯರು ಅಕ್ಷತೆ ಹಾಕಲು ಎದ್ದದ್ದೇ ತಡ, ಹಗುರಾದ ಕುರ್ಚಿ ಹಿಂದಕ್ಕೆ ವಾಲಿ ನೇರ ನನ್ನ ಮಡಿಲಿಗೆ ಬಂತು. ವಾಲಗ ಜೋರಾಗಿದ್ದರಿಂದ ಅರ್ಧ ಮಾನ ಉಳಿಯಿತು. ಹೆಂಡತಿ ಸಾವಿತ್ರಿ ಹಲ್ಲು ಕಚ್ಚಿಕೊಂಡೇ, "ಆ ಬೆರಳಿಗೆ ಎಂತಾದ್ರೂ ಕೆಲ್ಸ ಕೊಡಿ, ಇಲ್ಲ ಮನೇಲೇ ಬಿಟ್ಟು ಬನ್ನಿ" ಎಂದಳು. ಮಗಳು ರೇಣು ಮಾತ್ರ ನಗುತ್ತ ಬಗ್ಗಿ ರಿಬ್ಬನ್ ಬಿಡಿಸಿದಳು. ಅವಳಿಗೆ ಆ ಬೆರಳಿನ ಜೊತೆ ಹಳೆಯ ಸಲುಗೆ.

ತಪ್ಪು ಬೆರಳಿನದಲ್ಲ. ಚಿಕ್ಕಂದಿನಿಂದ ಅದಕ್ಕೆ ಕಲಿಸಿದ ಕೆಲಸವೇ ಅದು. ಹರಿದ ಬಲೆಯನ್ನು ಕೂತು ನೇಯುವವರನ್ನು ನೀವು ಕಡಲದಂಡೆಯಲ್ಲಿ ನೋಡಿರಬಹುದು. ಎಡಗೈಯಲ್ಲಿ ಬಲೆ, ಬಲಗೈಯಲ್ಲಿ ನೂಲು ಸುತ್ತಿದ ಚಪ್ಪಟೆ ಸೂಜಿ. ಇಷ್ಟಕ್ಕೆ ಮುಗಿಯುವುದಿಲ್ಲ, ಮೂರನೆಯದೊಂದು ಕೈ ಬೇಕಾಗುತ್ತದೆ. ಅದೇ ಕಾಲಿನ ಹೆಬ್ಬೆರಳು. ಬಲೆಯ ಒಂದು ಕಣ್ಣನ್ನು ಬೆರಳಿಗೆ ಸಿಕ್ಕಿಸಿ ಕಾಲು ಚಾಚಿದರೆ ಬಲೆ ಬಿಗಿಯಾಗಿ, ಹರಿದದ್ದೆಲ್ಲಿ ಉಳಿದದ್ದೆಲ್ಲಿ ಎಂದು ಕಾಣುತ್ತದೆ. ಸಡಿಲ ಬಿದ್ದ ಬಲೆಯಲ್ಲಿ ಕಣ್ಣು ಯಾವುದು, ತೂತು ಯಾವುದು ಎಂದು ದೇವರಿಗೂ ತಿಳಿಯದು.

ನನ್ನ ಅಪ್ಪನಿಗೆ ದೊಡ್ಡ ಬಲೆ ಹಿಡಿದಾಗ ತನ್ನ ಎರಡು ಹೆಬ್ಬೆರಳು ಸಾಲುತ್ತಿರಲಿಲ್ಲ. "ಬೆರಳು ಕೊಡೋ" ಎಂದು ಕೂಗುತ್ತಿದ್ದ. ನಾನು ಅಂಗಳದಲ್ಲಿ ತೆಂಗಿನ ಹೊಂಬಾಳೆಯ ಒಣಗಿದ ಹೊದಿಕೆಯನ್ನು ದೋಣಿ ಮಾಡಿ, ಅದಕ್ಕೆ ಮರಳು ತುಂಬಿ ಗೋವೆಗೆ ಹೊರಟಿರುತ್ತಿದ್ದೆ. ಅರ್ಧ ಸಮುದ್ರದಲ್ಲಿ ದೋಣಿ ಬಿಟ್ಟು ಬಂದು ಅಪ್ಪನ ಎದುರು ಕೂತು ಕಾಲು ಚಾಚಬೇಕು. ಅಲುಗಾಡಿದರೆ ಪಾದಕ್ಕೆ ಸೂಜಿಯ ಹಿಂಬದಿಯಿಂದ ಒಂದು ಕುಟುಕು. ಅಪ್ಪ ನನ್ನ ಜೊತೆ ಆಟ ಆಡಿದ ನೆನಪಿಲ್ಲ. ನಮ್ಮ ಕೇರಿಯಲ್ಲಿ ಯಾರ ಅಪ್ಪನೂ ಆಡುತ್ತಿರಲಿಲ್ಲ, ಆಡಿದ್ದರೆ ನಾವೇ ಹೆದರುತ್ತಿದ್ದೆವೋ ಏನೋ. ಆದರೆ ಒಂದೇ ಬಲೆಗೆ ಆಚೆ ಅವನ ಬೆರಳು, ಈಚೆ ನನ್ನ ಬೆರಳು ಕೊಟ್ಟು ಕೂತ ಆ ಮಧ್ಯಾಹ್ನಗಳಲ್ಲಿ ನೋಡಿದಷ್ಟು ಅವನ ಮುಖವನ್ನು ನಾನು ಮತ್ತೆ ಯಾವತ್ತೂ ನೋಡಲಿಲ್ಲ. ಅವನ ಹುಬ್ಬಿನ ಮೇಲೊಂದು ಗಾಯದ ಕಲೆ ಇದ್ದದ್ದು ನನಗೆ ತಿಳಿದದ್ದೇ ಹಾಗೆ.

ಈಗ ನಾನು ಸಮುದ್ರ ಬಿಟ್ಟು ಹೊನ್ನಾವರದಲ್ಲಿ ಹಗ್ಗ, ತಾಡಪತ್ರಿ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಮೊಣಕಾಲು ಕೈಕೊಟ್ಟಿದೆ, ಬೆರಳು ಮಾತ್ರ ಇನ್ನೂ ಕೆಲಸದಲ್ಲಿದೆ ಎಂದೇ ತಿಳಿದಿದೆ. ನಾನು ಹೇಳಹೊರಟದ್ದು ಅಂಗಡಿಯ ಸಂಗತಿಯಲ್ಲ, ಬಾಲವಾಡಿಯ ಸಂಗತಿ. ಆಗ ಕೊಂಕಣ ರೈಲು ಹೊಸದಾಗಿ ಓಡತೊಡಗಿತ್ತು. ಮೊಬೈಲು ನಮ್ಮಂಥವರ ಕಿಸೆಗೆ ಇನ್ನೂ ಬಂದಿರಲಿಲ್ಲ. ಹೊನ್ನಾವರದ ಪಕ್ಕದ ಕಾಸರಕೋಡಿನ ನಮ್ಮ ಕೇರಿಯ ಹುಡುಗರು ಬೋಟಿನ ಕೆಲಸಕ್ಕೆ ರತ್ನಾಗಿರಿಯ ಕಡೆಗೆ ಹೋಗುತ್ತಿದ್ದೆವು. ಮಳೆಯ ಜೋರು ಇಳಿದ ಮೇಲೆ ಹೊರಟರೆ ಮುಂದಿನ ಮಳೆಗಾಲಕ್ಕೇ ಮನೆ. ನಡುವೆ ಯಾರದಾದರೂ ಮದುವೆಯೋ ಮತ್ತೊಂದೋ ಬಂದರೆ ರಾತ್ರಿ ಬಂದು ಬೆಳಗ್ಗೆ ಓಡುವುದು.

ಮನೆಯ ಜೊತೆ ನನ್ನ ಸಂಬಂಧವೆಲ್ಲ ಪ್ರಭುಗಳ ಕಿರಾಣಿ ಅಂಗಡಿಯ ಫೋನಿನ ಮೂಲಕ. ರವಿವಾರ ಬೆಳಗ್ಗೆ ರತ್ನಾಗಿರಿಯ ಎಸ್‌ಟಿಡಿ ಬೂತಿನಿಂದ ಒಮ್ಮೆ ಫೋನು ಹಚ್ಚಿ, "ಸಾವಿತ್ರಿಗೆ ಹೇಳಿ" ಎಂದು ಇಟ್ಟುಬಿಡುವುದು. ಅಂಗಡಿಯ ಆಳು ಓಡಿಹೋಗಿ ಹೇಳಿ ಅವಳು ಓಡಿಬರುವಷ್ಟು ಹೊತ್ತು ಹೊರಗೆ ಚಾ ಕುಡಿದು ಮತ್ತೆ ಹಚ್ಚುವುದು. ಸಾವಿತ್ರಿ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಅವಳ ಕಿವಿಗೆ ಫೋನು ಹಿಡಿದು, "ಅಪ್ಪ, ಅಪ್ಪ ನೋಡು" ಎನ್ನುತ್ತಿದ್ದಳು. ಮಗಳು ಉಸಿರು ಬಿಡುವುದು ಕೇಳಿಸುತ್ತಿತ್ತು. ಆಮೇಲಾಮೇಲೆ "ಅಪ್ಪಾ" ಎಂದೂ ಅನ್ನತೊಡಗಿದಳು. ಆ ಇಡೀ ವಾರ ನಾನು ಬೋಟಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಬೋಟು ನಡೆಸುವ ತಾಂಡೇಲನ ಹತ್ತಿರ ಬೈಸಿಕೊಂಡೆ.

ಆ ವರ್ಷ ಮಳೆ ಹಿಡಿದು ಬೋಟುಗಳು ದಡ ಸೇರಿದ ಕೂಡಲೇ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ. ರೇಣು ಆಗ ಮೂರಕ್ಕೆ ಬಿದ್ದವಳು. ಜಗಲಿಯಲ್ಲಿ ನಿಂತಿದ್ದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಓಡಿ ಹೇಳಿದಳು:

"ಅಜ್ಜೀ, ಮಾಮ ಬಂದ."

ಮಿರ್ಜಾನದಲ್ಲಿ ಸಾವಿತ್ರಿಯ ಅಣ್ಣನಿದ್ದಾನೆ, ತಿಂಗಳಿಗೊಮ್ಮೆ ಹೊಳೆಮೀನು ಕಟ್ಟಿಕೊಂಡು ಬರುವವನು. ಚೀಲ ಹಿಡಿದು ಬರುವ ಗಂಡಸರೆಲ್ಲ ಮಾಮ ಎಂದು ಅವಳ ಲೆಕ್ಕ. ನನ್ನ ಆಯಿ ನಕ್ಕು, "ಹುಚ್ಚಿ, ಇವ ಮಾಮ ಅಲ್ಲ. ನಿನ್ನಪ್ಪ" ಎಂದಳು.

"ಅಪ್ಪ ಇಲ್ಲಿಲ್ಲ" ಎಂದಳು ರೇಣು.

"ಮತ್ತೆ ಎಲ್ಲಿದ್ದ?"

ಅವಳು ಬಾಗಿಲಾಚೆ, ಪ್ರಭುಗಳ ಅಂಗಡಿಯ ಕಡೆಗೆ ಬೆರಳು ಮಾಡಿದಳು. ಕರಿ ಬಣ್ಣದ, ಅಕ್ಕಿ ಮೂಟೆಯ ಪಕ್ಕದ ಮೇಜಿನ ಮೇಲೆ ಕೂತಿರುವ, ರವಿವಾರ ಬೆಳಗ್ಗೆ ಮಾತಾಡುವ ಅವಳಪ್ಪ ಅಲ್ಲಿದ್ದ. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡೆ. ತುಸು ಹೆಚ್ಚು ಹೊತ್ತೇ ತೊಳೆದುಕೊಂಡೆ.

ನೂಲ ಹುಣ್ಣಿಮೆಯ ತೆಂಗಿನಕಾಯಿ ಸಮುದ್ರಕ್ಕೆ ಬಿದ್ದ ಮರುದಿನ ನಾನು ಮತ್ತೆ ಹೊರಡಬೇಕು. ಅಷ್ಟರೊಳಗೆ ಇವಳ ಬಾಯಲ್ಲಿ ಒಮ್ಮೆ, ಫೋನಿಗಲ್ಲ, ನನ್ನ ಮುಖ ನೋಡಿ, ಅಪ್ಪ ಎನ್ನಿಸಿಕೊಳ್ಳಬೇಕು. ಆ ಮಳೆಗಾಲದಲ್ಲಿ ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಅಲೆ ಎಷ್ಟೆತ್ತರ ಎದ್ದರೂ ಹೆದರದವನು, ಮೊಣಕಾಲೆತ್ತರದ ಹುಡುಗಿಯ ಎದುರು ಹೋಗಲು ಹೆದರತೊಡಗಿದೆ.

ಮೊದಲು ಲಂಚದ ದಾರಿ ಹಿಡಿದೆ. ಟೆಂಪೋ ಹತ್ತಿ ಭಟ್ಕಳಕ್ಕೆ ಹೋದೆ. ಫಾರಿನ್ ಸಾಮಾನಿಗೆ ಆಗ ನಮಗೆಲ್ಲ ಭಟ್ಕಳದ ಪೇಟೆಯೇ ದುಬೈ. ಅಂಗಡಿಯವರು ಒಂದು ಗೊಂಬೆ ತೆಗೆದು ತೋರಿಸಿದರು. ಮಲಗಿಸಿದರೆ ಕಣ್ಣು ಮುಚ್ಚುತ್ತದೆ, ಎತ್ತಿದರೆ ತೆರೆಯುತ್ತದೆ, ಹೊಟ್ಟೆ ಒತ್ತಿದರೆ ಯಾವುದೋ ಭಾಷೆಯಲ್ಲಿ ಹಾಡುತ್ತದೆ. "ಅಸಲಿ ಮಾಲು. ಮಗು ನಗ್ತದೆ, ಗ್ಯಾರಂಟಿ" ಎಂದರು. ತಂದು ಕೊಟ್ಟೆ. ರೇಣು ನೋಡಿದಳು. ಗೊಂಬೆ ಕಣ್ಣು ತೆರೆದು ಹಾಡಿತು. ಆಮೇಲೆ ಕೇರಿಯ ಆ ತುದಿಯವರೆಗೆ ಕೇಳಿಸಿದ್ದು ರೇಣುವಿನ ಕೂಗು. ಗೊಂಬೆಯನ್ನು ಕಪಾಟಿನ ಮೇಲೆ, ಅವಳಿಗೆ ಕಾಣದಂತೆ, ಗೋಡೆಗೆ ಮುಖಮಾಡಿ ಮಲಗಿಸಬೇಕಾಯಿತು. ಆ ಮಾಮ ದೆವ್ವ ತಂದ ಎಂಬ ಅಪವಾದವೂ ಸೇರಿಕೊಂಡಿತು.

ಇದಾದ ಮೇಲೆ ಸಾವಿತ್ರಿ ನನ್ನನ್ನು ಬಾಲವಾಡಿಗೆ ಅಟ್ಟಿದಳು. ಅಲ್ಲಿ ಮಕ್ಕಳಿಗೆ ಕಲಿಸುವ ಸುಮಿತ್ರಕ್ಕೋರು ಎಂಬವರು ವಾರಕ್ಕೊಮ್ಮೆ, ಸಂತೆಯ ದಿನ ಮಧ್ಯಾಹ್ನ, ಮಕ್ಕಳಿಗೂ ಮನೆಯ ದೊಡ್ಡವರಿಗೂ ಕೂಡಿ ಒಂದು ತಾಸು ಆಟ ಇಡುತ್ತಿದ್ದರು. ಕಾರವಾರಕ್ಕೆ ತರಬೇತಿಗೆ ಹೋಗಿಬಂದ ಉಮೇದು ಅವರಿಗೆ. ಮಕ್ಕಳನ್ನು ತಂದು ಬಿಟ್ಟು ಹೋಗುವ ಹಾಗಿಲ್ಲ, ಜೊತೆಗೆ ಕೂತು ಆಡಬೇಕು. ಸಾವಿತ್ರಿ ಸಂತೆಗೆ ಒಣಮೀನು ಮಾರಲು ಹೋಗುವವಳು. ಆಯಿಯೇ ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತಿದ್ದಳು.

"ಈ ಸಲ ಆಯಿ ಬೇಡ, ನೀವೇ ಹೋಗಿ" ಎಂದಳು ಸಾವಿತ್ರಿ.

"ಹೆಂಗಸ್ರ ನಡುವೆ ನಾನೆಂತ ಮಾಡುದು?"

"ಆಡುದು. ಮತ್ತೆಂತ? ಮನೇಲಿ ಕೂತು ಅದರ ಮುಖ ನೋಡ್ತಾ ಇದ್ರೆ ಅದು ಹೆದರ್ದೆ ಇನ್ನೆಂತ ಮಾಡ್ತದೆ?"

ಹೊರಟೆವು. ರೇಣು ನನ್ನ ಕೈ ಹಿಡಿಯಲು ಒಪ್ಪಲಿಲ್ಲ. ಎತ್ತಿಕೊಳ್ಳುವ ಮಾತೇ ಇಲ್ಲ. ಕೊನೆಗೆ ಆಯಿ ಒಂದು ಉಪಾಯ ಮಾಡಿ ಮಡಚಿದ ಕೊಡೆಯ ಹಿಡಿಕೆಯನ್ನು ಅವಳ ಕೈಗೂ ಮೊನೆಯನ್ನು ನನ್ನ ಕೈಗೂ ಕೊಟ್ಟಳು. ಹಾಗೆ ಕೊಡೆಯ ಎರಡು ತುದಿ ಹಿಡಿದು ನಾವಿಬ್ಬರೂ ಕೇರಿಯ ನಡುವೆ ನಡೆದೆವು. ಅರ್ಧ ದಾರಿಗೆ ಮಳೆ ಬಂತು. ಕೊಡೆ ಬಿಚ್ಚಿದರೆ ಸಂಬಂಧ ತಪ್ಪಿಹೋಗುತ್ತದೆ. ಕೈಯಲ್ಲಿ ಕೊಡೆ ಹಿಡಿದುಕೊಂಡೇ ಇಬ್ಬರೂ ತೊಯ್ದು ತೊಪ್ಪೆಯಾಗಿ ಬಾಲವಾಡಿ ತಲುಪಿದ್ದನ್ನು ಕಂಡವರು ಏನೆಂದುಕೊಂಡರೋ, ನಾನು ಕೇಳಲು ಹೋಗಲಿಲ್ಲ.

ಒಳಗೆ ಚಾಪೆಯ ಮೇಲೆ ಅಜ್ಜಿಯರ ಸಾಲು, ಅವರ ಮುಂದೆ ಮಕ್ಕಳ ಸಾಲು. ನಡುವೆ ತೆಂಗಿನ ಕರಟ, ಚಿಪ್ಪಿ, ಖಾಲಿ ಬೆಂಕಿಪೆಟ್ಟಿಗೆ, ಒಂದು ಬುಟ್ಟಿ ಕಲಸಿದ ಮಣ್ಣು. ನನ್ನನ್ನು ನೋಡಿದ ಅಜ್ಜಿಯರು ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕೋರು ಮಾತ್ರ ಗಂಭೀರವಾಗಿ, "ಬನ್ನಿ ಮಂಜಣ್ಣ, ಕೂತ್ಕಣಿ" ಎಂದು ಜಾಗ ತೋರಿಸಿ ಎಲ್ಲರಿಗೂ ತಮ್ಮ ಕಾನೂನು ಮತ್ತೊಮ್ಮೆ ಹೇಳಿದರು. "ನೆನಪಿರ್ಲಿ, ದೊಡ್ಡವರ ಕೈ ಮಡಿಲಲ್ಲಿ. ಮಗು ಕರೆದ್ರೆ ಮಾತ್ರ ಕೈ ಹೊರಗೆ ಬರ್ಬೇಕು. ಮಾಡುದೆಲ್ಲ ಅವರೇ ಮಾಡ್ಲಿ."

ಈ ಕಾನೂನು ನಮ್ಮ ಕೇರಿಯಲ್ಲಿ ನಡೆಯುವಂಥದ್ದೇ ಅಲ್ಲ. ಪಕ್ಕದ ಮನೆಯ ದೇವಮ್ಮಜ್ಜಿಯ ಮೊಮ್ಮಗ ಮಣ್ಣಿನಲ್ಲಿ ಏನೋ ಮುದ್ದೆ ಮಾಡುತ್ತಿದ್ದ. ಅಜ್ಜಿ ಮೂರು ಉಸಿರಿನಷ್ಟು ಹೊತ್ತು ತಡೆದುಕೊಂಡಳು. "ಅಯ್ಯ, ಒಲೆ ಹಂಗಲ್ಲ ಮಾಡುದು ಹುಡ್ಗಾ, ಇಲ್ಲಿ ತಾ" ಎಂದು ಮಣ್ಣು ಕಸಿದುಕೊಂಡು, ಒಲೆ ಮಾಡಿ, ಅದರ ಮೇಲೆ ಕಾವಲಿ ಇಟ್ಟು, ಕಾವಲಿಯ ಮೇಲೆ ಬಂಗಡೆಯನ್ನೂ ಇಟ್ಟಳು. ಮೊಮ್ಮಗ ಮಾಡುತ್ತಿದ್ದದ್ದು ಒಲೆಯಲ್ಲ, ಲಾರಿ. ಅವನು ಅತ್ತ. ಅಜ್ಜಿಗೆ ಅದು ಕೇಳಿಸಲೇ ಇಲ್ಲ, ಬಂಗಡೆಗೆ ಉಗುರಿನಿಂದ ಗೀರು ಹಾಕುವುದರಲ್ಲಿದ್ದಳು. ಉಳಿದ ಅಜ್ಜಿಯರೂ ಒಬ್ಬೊಬ್ಬರಾಗಿ ಕಾನೂನು ಮುರಿದರು. ಇವರೆಲ್ಲ ಚಿಕ್ಕಂದಿನಲ್ಲಿ ತಂಗಿ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತೇ ದೊಡ್ಡವರಾದವರು, ಮಣ್ಣು ಕೈಗೆ ಸಿಕ್ಕಿದ್ದು ಈಗಲೇ. ಯಾರು ಬೈಯುತ್ತಾರೆ?

ನನ್ನ ಕೈ ಮಾತ್ರ ಮಡಿಲಲ್ಲೇ ಇತ್ತು. ರೇಣು ನನಗೆ ಬೆನ್ನು ಮಾಡಿ ಕೂತು ಕರಟದಲ್ಲಿ ಚಿಪ್ಪಿ ತುಂಬುತ್ತಿದ್ದಳು, ಸುರಿಯುತ್ತಿದ್ದಳು, ಮತ್ತೆ ತುಂಬುತ್ತಿದ್ದಳು. ನನ್ನನ್ನು ಕರೆಯಲಿಲ್ಲ. ಒಂದು ತಾಸು ನಾನು ಅವಳ ಎರಡು ಜಡೆಯ ನಡುವಿನ ಬೈತಲೆ ನೋಡುತ್ತ ಕೂತಿದ್ದೆ. ಮುಗಿಯುವಾಗ ಅಕ್ಕೋರು ಎದ್ದು ನಿಂತು, "ಮಂಜಣ್ಣನ್ನ ನೋಡಿ ಕಲೀರಿ. ಇಡೀ ತಾಸು ಕೈ ಎತ್ತಲಿಲ್ಲ" ಎಂದರು. ಅಜ್ಜಿಯರೆಲ್ಲ ನನ್ನತ್ತ ಮೆಚ್ಚುಗೆಯಿಂದ ನೋಡಿದರು. ಶಾಲೆಯಲ್ಲಿ ಒಂದು ದಿನವೂ ಹೊಗಳಿಸಿಕೊಳ್ಳದವನು ಬಾಲವಾಡಿಯಲ್ಲಿ ಹೊಗಳಿಸಿಕೊಂಡೆ. ಅಳು ಬರುವಂತಾಯಿತು.

ಮುಂದಿನ ವಾರ ಹುಷಾರಾಗಿ ಹೋದೆ. ದಾರಿಯಲ್ಲಿ ತೆಂಗಿನ ಗರಿ ಕಿತ್ತುಕೊಂಡು ಅಲ್ಲಿ ಕೂತು, ಮಡಿಲಲ್ಲೇ ಕೈ ಇಟ್ಟುಕೊಂಡು, ಪೀಪಿ ಸುತ್ತಿದೆ. ಒಮ್ಮೆ ಊದಿದ್ದೇ ಮಕ್ಕಳೆಲ್ಲ ಅಜ್ಜಿಯರನ್ನು ಬಿಟ್ಟು ನನ್ನ ಮೇಲೆ ಬಿದ್ದವು. ಎಲ್ಲರಿಗೂ ಒಂದೊಂದು ಮಾಡಿಕೊಟ್ಟೆ. ಗರಿಯ ವಾಚು, ಗರಿಯ ಕನ್ನಡಕ, ಗರಿಯ ಹಾವು. ಕತಗಾಲದಿಂದ ಅಜ್ಜಿಮನೆಗೆ ಬಂದಿದ್ದ ಒಂದು ಗುಂಡನೆಯ ಹುಡುಗಿಯಂತೂ ನನ್ನ ಬೆನ್ನು ಹತ್ತಿ ಕೂತುಬಿಟ್ಟಳು. ಊರಿನ ಮಕ್ಕಳೆಲ್ಲ ಬಂದರು, ನಾನು ಯಾರಿಗಾಗಿ ಗರಿ ಕೊಯ್ದಿದ್ದೆನೋ ಅವಳೊಬ್ಬಳು ಬರಲಿಲ್ಲ. ದೂರ ಕಂಬ ಹಿಡಿದು ನಿಂತು ನೋಡುತ್ತಿದ್ದಳು. ಆದರೂ ಆ ಗುಂಡನೆಯ ಹುಡುಗಿ ಕೆಳಗಿಳಿಯದಿದ್ದಾಗ ಅಲ್ಲಿಂದಲೇ, "ಅದು ನಮ್ಮನೆ ಮಾಮ" ಎಂದು ಗಟ್ಟಿಯಾಗಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಮಾಮನಾದರೂ ನಮ್ಮನೆಯವನಾದೆ. ಅದನ್ನೇ ನೆಚ್ಚಿಕೊಂಡು ಇನ್ನೊಂದು ವಾರ ಕಳೆದೆ.

ಅಷ್ಟರಲ್ಲಿ ಕೇರಿಯ ಗಂಡಸರಿಗೆಲ್ಲ ಸುದ್ದಿ ಹಬ್ಬಿತ್ತು. ಮಳೆಗಾಲದ ಮೀನುಗಾರನಷ್ಟು ಬೇಜಾರಿನ ಮನುಷ್ಯ ಲೋಕದಲ್ಲಿಲ್ಲ. ಸಮುದ್ರಕ್ಕೆ ಹೋಗುವ ಹಾಗಿಲ್ಲ, ಅಂಗಳಕ್ಕೆ ಇಳಿದರೆ ಕೆಸರು, ಒಳಗೆ ಕೂತರೆ ಹೆಂಡತಿಯ ಕಾಲಿಗೆ ಅಡ್ಡ. ನನ್ನ ಗೆಳೆಯ ಜಟ್ಟಪ್ಪ ಮೊದಲು ನನ್ನನ್ನು ಗೇಲಿ ಮಾಡಲೆಂದೇ ಬಾಲವಾಡಿಯ ಕಿಟಕಿಯಲ್ಲಿ ಇಣುಕಿದವನು. "ಎಂತದಾ ಮಂಜ, ಯಾವ ಕ್ಲಾಸು?" ಎಂದ. ಅಕ್ಕೋರು ಅವನನ್ನು ಒಳಗೆ ಕರೆದು ಅವನ ಮಗನ ಎದುರು ಕೂರಿಸಿ ಕೈಗೆ ಬಣ್ಣ ಕೊಟ್ಟರು. ಅವನು ಬೋಟು ಬರೆದ. ಹೊರಡುವಾಗ ಮುಂದಿನ ವಾರ ಎಷ್ಟು ಹೊತ್ತಿಗೆ ಎಂದು ಅವನೇ ಕೇಳಿಕೊಂಡ. ಹೀಗೆ ಒಬ್ಬರಾದ ಮೇಲೆ ಒಬ್ಬರು ಬಂದು ಅಜ್ಜಿಯರ ಸಾಲಿನ ಹಿಂದೆ ಅಪ್ಪಂದಿರ ಸಾಲೂ ಆಯಿತು. ಬೀಡಿಯ ವಾಸನೆ ಬರುತ್ತದೆ ಎಂದು ದೇವಮ್ಮಜ್ಜಿ ತಕರಾರು ತೆಗೆದಳು. ಅಕ್ಕೋರು ಬೀಡಿಗಳನ್ನೆಲ್ಲ ಬಾಗಿಲಲ್ಲೇ ಒಂದು ಕರಟದಲ್ಲಿ ಇಡಿಸಿಕೊಂಡು, ತಾಸು ಮುಗಿದ ಮೇಲೆ ವಾಪಸು ಕೊಡುತ್ತಿದ್ದರು.

ಇಷ್ಟು ಮೀನುಗಾರರು ಕೈಗೆ ಸಿಕ್ಕಿದ ಹುರುಪಿನಲ್ಲೇ ಅಕ್ಕೋರಿಗೆ ಮೀನಿನ ಆಟ ಹೊಳೆದಿರಬೇಕು. ಜಟ್ಟಪ್ಪನಿಂದ ಒಂದು ಹಳೆಯ ಬಲೆಯ ತುಂಡು ತರಿಸಿದರು. ಅಪ್ಪಂದಿರು ನಾಲ್ಕು ಕಡೆಯಿಂದ ಬಲೆ ಎತ್ತಿ ಹಿಡಿಯುವುದು, ಮಕ್ಕಳು ಮೀನಾಗಿ ಅದರಡಿ ಓಡುವುದು, ಅಕ್ಕೋರು ಚಪ್ಪಾಳೆ ಹೊಡೆದ ಕೂಡಲೇ ಬಲೆ ಬಿಡುವುದು. ಸಿಕ್ಕವರು ಸಿಕ್ಕರು, ತಪ್ಪಿದವರು ತಪ್ಪಿದರು. ಹೇಳಲು ಸುಲಭ. ಮೊದಲ ಸಲ ಬಲೆ ಎತ್ತಿದ್ದೇ ಅಪ್ಪಂದಿರಲ್ಲಿ ಜಗಳ ಶುರುವಾಯಿತು. ಆ ಕಡೆ ತಗ್ಗಿಸು, ಈ ಕಡೆ ಎತ್ತು, ಮೀನು ಆ ಬದಿಯಿಂದ ಬರ್ತಿದೆ ಕಾಣುದಿಲ್ವಾ, ನಿನ್ನ ಕೈಯಲ್ಲಿ ಬಲೆ ಕೊಟ್ಟವ ಯಾರಾ, ಎಂದು. ಅಕ್ಕೋರ ಚಪ್ಪಾಳೆ ಯಾರಿಗೂ ಕೇಳಿಸಲಿಲ್ಲ.

ಆ ಗದ್ದಲದಲ್ಲಿ ರೇಣು ಬಲೆಯಡಿ ಸೇರಿದ್ದಳು. ಬಲೆ ಅವಳ ಮೇಲೆ ಬಿತ್ತು. ಅವಳು ಅಳುತ್ತಾಳೆ ಎಂದು ನಾನು ಬಗ್ಗಿದರೆ, ಬಲೆಯಲ್ಲೊಂದು ದೊಡ್ಡ ಹರಕು ಇದ್ದದ್ದನ್ನು ಕಂಡುಕೊಂಡು ಅದರಿಂದ ತಲೆ ಹಾಕಿ, ಭುಜ ತೂರಿಸಿ, ಹೊರಗೆ ಬಂದು ನಿಂತಳು. ನಿಂತು ನಕ್ಕಳು. ನಾನು ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನೋಡಿರಲಿಲ್ಲ. ಮತ್ತೆ ಒಳಗೆ ಹೋದಳು. ಬಲೆ ಬಿತ್ತು. ಮತ್ತೆ ಅದೇ ಹರಕಿನಿಂದ ಹೊರಗೆ ಬಂದು ಕುಣಿದಳು.

ಇಲ್ಲಿ ಯಾವ ಅಪ್ಪನಾದರೂ ಮಗಳ ನಗು ನೋಡುತ್ತ ನಿಲ್ಲುತ್ತಿದ್ದ. ನಾನು ನೋಡಿದ್ದು ಹರಕನ್ನು.

"ನಿಲ್ಸಿ, ನಿಲ್ಸಿ" ಎಂದು ಕೂಗಿದೆ. "ಬಲೆ ಹರ್ದಿದೆ."

ಆಟ ನಿಂತಿತು. ನನ್ನ ಅಂಗಿಯ ಕಿಸೆಯಲ್ಲಿ ಬಲೆಯ ಸೂಜಿ ಯಾವಾಗಲೂ ಇರುತ್ತಿತ್ತು. ಅಲ್ಲೇ ನೆಲಕ್ಕೆ ಕೂತು ಬಲೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಶುರು ಮಾಡಿಯೇ ಬಿಟ್ಟೆ.

"ಮಂಜಣ್ಣ, ಇದು ಆಟ" ಎಂದರು ಅಕ್ಕೋರು.

"ಆಟ ಆದ್ರೂ ಹರ್ದ ಬಲೆ ಹಾಕುಕಾಗ್ತದಾ ಅಕ್ಕೋರೆ?"

ಅದಕ್ಕೆ ಜಟ್ಟಪ್ಪನೂ ಉಳಿದ ಅಪ್ಪಂದಿರೂ ಹೌದೌದೆಂದು ತಲೆಯಾಡಿಸಿದರು. ಹರಿದ ಬಲೆ ಎದುರಿಗಿದ್ದು ಸುಮ್ಮನೆ ನಿಲ್ಲುವುದು ನಮ್ಮ ಪೈಕಿ ಯಾರಿಗೂ ಸಾಧ್ಯವಿಲ್ಲ. ಅವರೂ ಒಂದೊಂದು ಅಂಚು ಹಿಡಿದು ಸಣ್ಣಪುಟ್ಟ ಹರಕು ಹುಡುಕುತ್ತ ಕೂತರು. ಮೀನುಗಳೆಲ್ಲ ಬಾಯಲ್ಲಿ ಬೆರಳಿಟ್ಟುಕೊಂಡು ಸುತ್ತ ನಿಂತವು. ಅಕ್ಕೋರು ಹಣೆಗೆ ಕೈ ಹಚ್ಚಿಕೊಂಡರು. ಬಾಲವಾಡಿ ನೋಡನೋಡುತ್ತಲೇ ಬಂದರಿನ ಶೆಡ್ಡಾಗಿತ್ತು.

ನಾನು ಹರಕಿನ ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಬಂದಿದ್ದೆ. ಆಗ ಆ ತೂತಿನ ನಡುವೆ ಒಂದು ಸಣ್ಣ ಪಾದ ಬಂದು ನಿಂತಿತು. ಮಣ್ಣು ಮೆತ್ತಿದ, ಗೆಜ್ಜೆ ಕಟ್ಟಿದ ಪಾದ. ತಲೆ ಎತ್ತಿದರೆ ರೇಣು. ಕಣ್ಣಲ್ಲಿ ನೀರು,‌ ಮುಖದಲ್ಲಿ ಕೆಂಡದಂಥ ಸಿಟ್ಟು.

"ಮುಚ್‌ಬ್ಯಾಡ. ಇದು ನನ್ನ ಬಾಗ್ಲು" ಎಂದಳು.

ಅವಳು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ನನ್ನ ಕೈ ನಿಂತಿತು. ಹರಿದ ಬಲೆ ಮುಚ್ಚಬೇಡ ಎಂದು ನನಗೆ ಹಿಂದೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂದದ್ದು ನನ್ನ ಅಪ್ಪನ ಮಾತು.

"ಆತು, ಮುಚ್ಚುದಿಲ್ಲ. ನಿನ್ನ ಬಾಗ್ಲು ಬಿಡ್ತೆ. ಬೆರಳು ಕೊಡು."

ಅವಳು ಕೈಬೆರಳು ಚಾಚಿದಳು.

"ಅದಲ್ಲ. ಕಾಲಿಂದು. ಇಲ್ಲಿ ಕೂತ್ಕ."

ಎದುರು ಕೂತಳು. ನನ್ನ ಹೆಬ್ಬೆರಳನ್ನೇ ಒಂದು ಗಳಿಗೆ ನೋಡಿ, ತನ್ನ ಕಾಲು ಚಾಚಿ, ಕಡಲೆಯಷ್ಟು ಉಗುರಿನ ಆ ಬೆರಳನ್ನು ಬಲೆಯ ಒಂದು ಕಣ್ಣಿಗೆ ಸಿಕ್ಕಿಸಿದಳು. ಬಲೆ ಬಿಗಿಯಾಯಿತು. ಆ ಕಡೆಯಿಂದ ಅವಳು ಎಳೆಯುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ನಾನು ಹರಕನ್ನು ಮುಚ್ಚಲಿಲ್ಲ. ಅದರ ಸುತ್ತ ಅಂಚು ಕಟ್ಟಿ, ಇನ್ನಷ್ಟು ಹರಿಯದ ಹಾಗೆ ಗಂಟು ಹಾಕಿ, ಅವಳ ಭುಜ ತೂರುವಷ್ಟು ಅಗಲಕ್ಕೆ ಒಂದು ಬಾಗಿಲು ಬಿಟ್ಟೆ. ಅಷ್ಟು ಹೊತ್ತೂ ಅವಳು ಅಲುಗಾಡಲಿಲ್ಲ. ನನ್ನ ಕೈಯನ್ನು ನೋಡಿದಳು. ಆಮೇಲೆ ಸೂಜಿಯನ್ನು ನೋಡಿದಳು. ಆಮೇಲೆ, ನನಗೆ ಗೊತ್ತಾಗದು ಎಂದುಕೊಂಡು, ನನ್ನ ಮುಖವನ್ನು ನೋಡುತ್ತ ಕೂತಳು. ನಾನು ತಲೆ ಎತ್ತಲಿಲ್ಲ.

ಜಟ್ಟಪ್ಪ ಬಂದು ಬಗ್ಗಿ ನೋಡಿದ. "ಬಲೆಗೆ ಬಾಗ್ಲು ಇಟ್ಟವ ಈ ಊರಲ್ಲಿ ನೀನೊಬ್ನೇ ನೋಡು ಮಾರಾಯ" ಎಂದ. ಹೇಳಿಕೊಂಡು ನಕ್ಕರೆ ನಗಲಿ ಎಂದುಕೊಂಡೆ. ಆ ದಿನ ಉಳಿದ ಹೊತ್ತೆಲ್ಲ ನಾವು ಬಲೆ ಬೀಸಿದೆವು. ಊರಿನ ಮೀನುಗಳೆಲ್ಲ ಸಿಕ್ಕವು, ಒಂದು ಮೀನು ಮಾತ್ರ ಪ್ರತಿ ಸಲ ಬಾಗಿಲಿನಿಂದ ಹೊರಗೆ ಬಂದು ನನ್ನ ಎದುರೇ ಕುಣಿಯಿತು. ಮನೆಗೆ ಹೋಗುವಾಗ ಕೊಡೆ ಬಿಚ್ಚಿದೆ. ಅವಳು ಬಂದು ಅದರ ಕೆಳಗೆ ನಿಂತಳು.

ಆಮೇಲೆ ಬೆರಳು ಕೊಡುವುದೇ ನಮ್ಮ ಆಟವಾಯಿತು. ಬಾಲವಾಡಿಗೆ ಕಾಯುವ ಅಗತ್ಯವೂ ಉಳಿಯಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ಜಗಲಿಯಲ್ಲಿ ಬಲೆ ಹರಡಿದರೆ ಸಾಕು, ಆಡುತ್ತಿದ್ದುದನ್ನು ಎಸೆದು ಓಡಿಬಂದು ಕಾಲು ಚಾಚುವಳು. ಬಲೆ ಇಲ್ಲದಿದ್ದರೆ ಆಯಿಯ ಸೀರೆಯಾದರೂ ಆದೀತು. ನನ್ನ ಸೂಜಿ ಕಸಿದುಕೊಂಡು ತಾನೇ ನೇಯುವವಳಾಗಿ, ನನಗೇ ಅಪ್ಪಣೆ ಕೊಡುವಳು: "ಮಾಮಾ, ಬೆರಳು ಕೊಡು." ಹೌದು, ಮಾಮಾ. ಅದೊಂದು ಬದಲಾಗಲಿಲ್ಲ. ಆಯಿ ತಿದ್ದಿದಳು, ಸಾವಿತ್ರಿ ತಿದ್ದಿದಳು, ದೇವಮ್ಮಜ್ಜಿ ಬೆಲ್ಲ ಕೊಟ್ಟು ತಿದ್ದಿದಳು. ಬೆಲ್ಲ ತಿಂದು, "ಮಾಮ" ಎಂದಳು.

ನೂಲ ಹುಣ್ಣಿಮೆ ಬಂತು. ಬೋಟುಗಳಿಗೆ ಹೂವು ಕಟ್ಟಿದರು. ದಂಡೆಯಲ್ಲಿ ಎಲ್ಲರೂ ಸೇರಿ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟೆವು. ರೇಣು ನನ್ನ ಹೆಗಲ ಮೇಲೆ ಕೂತಿದ್ದಳು. ಅವಳ ಕಾಲುಗಳು ನನ್ನ ಎದೆಯ ಮೇಲೆ ತೂಗುತ್ತಿದ್ದವು, ಒಂದು ಕಾಲಿನ ಬೆರಳು ನನ್ನ ಅಂಗಿಯ ಗುಂಡಿಯ ಸಂದಿಗೆ ಸಿಕ್ಕಿಕೊಂಡಿತ್ತು. ಇಷ್ಟು ಸಿಕ್ಕಿತಲ್ಲ, ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಸಾಕಾಗಲಿಲ್ಲ. ಮರುದಿನ ನಾನು ಚೀಲ ಎತ್ತಿದಾಗ ಜಗಲಿಯಲ್ಲಿ ನಿಂತು ಕೈ ಬೀಸಿ, "ಟಾಟಾ ಮಾಮ" ಎಂದಳು. ರೈಲಿನಲ್ಲಿ ಎದುರಿನ ಸೀಟಿನವರು ಕಣ್ಣಿಗೆ ಹೊಗೆ ಬಿತ್ತೇ ಎಂದು ಕೇಳಿದರು. ಕಲ್ಲಿದ್ದಲ ಹೊಗೆ ಉಗುಳುವ ರೈಲು ನಮ್ಮ ಲೈನಿನಲ್ಲಿ ಇರಲೇ ಇಲ್ಲ, ಡೀಸೆಲ್ ಇಂಜಿನ್ನು. ಆದರೂ ಹೌದೆಂದೆ.

ಮೊದಲ ರವಿವಾರ ಬೂತಿಗೆ ಹೋದೆ. ಪ್ರಭುಗಳಿಗೆ ಹೇಳಿ ಇಟ್ಟು, ಚಾ ಕುಡಿದು, ಮತ್ತೆ ಹಚ್ಚಿದೆ. ಸಾವಿತ್ರಿ ಬಂದಿದ್ದಳು. ಊಟ, ಮಳೆ, ಆಯಿಯ ಕಾಲುನೋವು, ಎಲ್ಲ ಆಯಿತು. "ಅದರ ಹತ್ರ ಕೊಡು" ಎಂದೆ. ಹೋದ ವರ್ಷವೆಲ್ಲ ಫೋನಿನಲ್ಲಾದರೂ ಅಪ್ಪ ಎನ್ನುತ್ತಿದ್ದಳಲ್ಲ, ಅದಾದರೂ ಸಿಗಲಿ ಎಂದು ಕಿವಿಗೆ ಒತ್ತಿ ಹಿಡಿದೆ.

ಆ ಕಡೆ ಏನೋ ಜಗ್ಗಾಟ. ಸಾವಿತ್ರಿಯ ದನಿ ದೂರದಿಂದ ಕೇಳಿಸಿತು. "ಮಾತಾಡೇ, ಅಪ್ಪ."

"ಬ್ಯಾಡ."

"ಎಂತಕೆ ಬ್ಯಾಡ? ದಿನಾ ಕೇಳ್ತಿದ್ದೆ ಅಲ್ದಾ? ನೋಡು, ಅಪ್ಪ."

ಆಮೇಲೆ ರೇಣುವಿನ ದನಿ, ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ, ಬಿಡಿಸಿ ಬಿಡಿಸಿ:

"ಅದು ಅಪ್ಪ ಅಲ್ಲ. ಅಪ್ಪಂಗೆ ಕಾಲು ಅದೆ."

ಸಾವಿತ್ರಿ ಫೋನು ತೆಗೆದುಕೊಂಡು, "ಕೇಳ್ತಾ? ಕೇಳಿಸ್ತಾ ನಿಮ್ಗೆ?" ಎಂದು ಕೂಗುತ್ತಿದ್ದಳು. ಅವಳೂ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಹೊರಗೆ ಸಾಲಿನಲ್ಲಿ ನಿಂತವರು ಗಾಜು ಬಡಿಯುತ್ತಿದ್ದರು. ಬೂತಿನವನು ಒಳಗೆ ತಲೆ ಹಾಕಿ ನನ್ನ ಕಾಲಿನ ಕಡೆಗೆ ಕೈ ತೋರಿಸಿ ಮರಾಠಿಯಲ್ಲಿ ಬೈಯತೊಡಗಿದ. ಬಗ್ಗಿ ನೋಡಿದೆ. ಗೋಡೆಯಿಂದ ಮೇಜಿಗೆ ಹೋಗುವ ಫೋನಿನ ವೈರನ್ನು ನನ್ನ ಹೆಬ್ಬೆರಳು ಕೊಕ್ಕೆ ಹಾಕಿ ಬಿಗಿಯಾಗಿ ಎಳೆದು ಹಿಡಿದಿತ್ತು. ವೈರು ಬಿಡು, ಬಿಡು ಎಂದು ಅವನು ಕೂಗಿದ.

ನಾನು ಬಿಡಲಿಲ್ಲ.